ಪಟ್ಟಿಯಲ್ಲೊಂದು ಹೆಸರು, ಬೀದಿಯಲ್ಲಿ 114 ಜೀವ: ಇತಿಹಾಸ ಗೊತ್ತಿರಬೇಕು ಅನ್ನುವುದು ಯಾಕೆ? ನಾಗಪುರ ಹೇಳುವ ಉತ್ತರ

ಮಹಾರಾಷ್ಟ್ರದ ನಾಗಪುರದಲ್ಲಿ, ಜೀರೋ ಮೈಲ್ ಕಲ್ಲಿನ ಹತ್ತಿರ ಗೋವಾರಿ ಹುತಾತ್ಮರ ಸ್ಮಾರಕವಿದೆ. ಪಕ್ಕದ ಸೀತಾಬರ್ಡಿಯ ಮೇಲ್ಸೇತುವೆಗೂ ಅವರದೇ ಹೆಸರು. ಪ್ರತಿವರ್ಷ ನವೆಂಬರ್ 23ರಂದು ವಿದರ್ಭದ ಹಳ್ಳಿಗಳಿಂದ ಗೋವಾರಿಗಳು ಇಲ್ಲಿಗೆ ಬಂದು ಸತ್ತವರನ್ನು ನೆನೆಯುತ್ತಾರೆ. 1994ರ ಇದೇ ದಿನ ಈ ಜಾಗದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಈ ಸಮುದಾಯದ 114 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಅವರು ಬಂದದ್ದು ಹಣ ಕೇಳುವುದಕ್ಕಲ್ಲ, ಜಮೀನು ಕೇಳುವುದಕ್ಕೂ ಅಲ್ಲ. ಸರ್ಕಾರದ ಪಟ್ಟಿಯೊಂದರಲ್ಲಿ ತಮ್ಮ ಹೆಸರನ್ನು ಸರಿಯಾಗಿ ಓದಿ ಎಂದು ಕೇಳುವುದಕ್ಕೆ. ಆ ಬೇಡಿಕೆ ಇಂದಿಗೂ ಮುಗಿದಿಲ್ಲ. 24 ವರ್ಷಗಳ ನಂತರ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, ಎರಡೇ ವರ್ಷದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಎರಡೂ ಕಡೆ ವಾದ ನಡೆದದ್ದು ಹೆಚ್ಚುಕಮ್ಮಿ ಇತಿಹಾಸದ ಮೇಲೆಯೇ.

‘ಹಳೆಯದನ್ನು ಯಾಕೆ ಕೆದಕಬೇಕು, ಈಗಿನ ಅನ್ಯಾಯಕ್ಕೆ ಈಗಿನ ಪರಿಹಾರ ಕೇಳಿದರೆ ಸಾಲದೇ?’ ಎಂಬ ಪ್ರಶ್ನೆಯನ್ನು ನಾವೆಲ್ಲ ಕೇಳಿರುತ್ತೇವೆ. ಗೋವಾರಿಗಳ ಪ್ರಕರಣ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅದರ ವಿವರ ಇಲ್ಲಿದೆ.

1994ರ ನವೆಂಬರ್ 23ರಂದು ನಡೆದದ್ದೇನು?

ಮೊದಲು, ಮೆರವಣಿಗೆ ಮುಂಬೈಗೆ ಹೋಗದೆ ನಾಗಪುರಕ್ಕೆ ಯಾಕೆ ಬಂತು ಎಂಬುದನ್ನು ನೋಡೋಣ. ನಾಗಪುರ 1956ರವರೆಗೂ ಒಂದು ರಾಜ್ಯದ ರಾಜಧಾನಿಯಾಗಿತ್ತು. ಭಾಷಾವಾರು ಪ್ರಾಂತ್ಯ ರಚನೆಯಾದಾಗ ವಿದರ್ಭ ಬೊಂಬಾಯಿ ರಾಜ್ಯಕ್ಕೆ, ಆಮೇಲೆ 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಈ ಭಾಗದ ಜನರಿಗೆ ಅನ್ಯಾಯವಾಗಬಾರದೆಂದು 1953ರ ನಾಗಪುರ ಒಪ್ಪಂದದಲ್ಲಿ ಕೆಲವು ಭರವಸೆಗಳನ್ನು ನೀಡಲಾಗಿತ್ತು. ಅದರ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಾಗಪುರದಲ್ಲಿ ನಡೆಯುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ ಹತ್ತಿರದಲ್ಲೇ ಪ್ರತಿಭಟನೆಯ ಟೆಂಟ್‌ಗಳು ಏಳುವುದನ್ನು ಕಂಡವರಿಗೆ ನಾಗಪುರದ ಚಿತ್ರ ಸುಲಭವಾಗಿ ಅರ್ಥವಾಗುತ್ತದೆ. ದೂರದ ಜನರಿಗೆ ಸರ್ಕಾರ ಕೈಗೆ ಸಿಗುವುದು ವರ್ಷದಲ್ಲಿ ಆ ಕೆಲವೇ ದಿನ.

ಆ ದಿನ ಸಾವಿರಾರು ಗೋವಾರಿಗಳು ವಿಧಾನಭವನದ ಕಡೆ ಹೊರಟಿದ್ದರು. ಪೊಲೀಸರು ದಾರಿಯಲ್ಲೇ ತಡೆದರು. ಮನವಿಪತ್ರ ತೆಗೆದುಕೊಳ್ಳಲು ಯಾರಾದರೂ ಸಚಿವರು ಬರುತ್ತಾರೆಂದು ಜನ ಗಂಟೆಗಟ್ಟಲೆ ಕಾದರು. ಸಂಜೆ ಗುಂಪು ಮುಂದಕ್ಕೆ ನುಗ್ಗಿತು, ಪೊಲೀಸರು ಲಾಠಿ ಬೀಸಿದರು, ಜನ ಒಬ್ಬರ ಮೇಲೊಬ್ಬರು ಬಿದ್ದರು. ಆಗ ಶರದ್ ಪವಾರ್ ಮುಖ್ಯಮಂತ್ರಿ. ಆದಿವಾಸಿ ಅಭಿವೃದ್ಧಿ ಸಚಿವರಾಗಿದ್ದ ಮಧುಕರ್ ಪಿಚಡ್ ರಾಜೀನಾಮೆ ಕೊಟ್ಟರು. ಘಟನೆಯ ತನಿಖೆಗೆ ನ್ಯಾಯಮೂರ್ತಿ ದಾಣಿ ಆಯೋಗ ನೇಮಕವಾಯಿತು. 1995ರಲ್ಲಿ ಗೋವಾರಿಗಳನ್ನು ರಾಜ್ಯ ಮಟ್ಟದ ‘ವಿಶೇಷ ಹಿಂದುಳಿದ ವರ್ಗ’ಕ್ಕೆ ಸೇರಿಸಲಾಯಿತು. ಆ ಇಡೀ ವರ್ಗಕ್ಕೆ ಸಿಗುವ ಮೀಸಲಾತಿ ಶೇ 2. ಆದರೆ ಅವರು ಕೇಳಿದ್ದು ಅದನ್ನಲ್ಲ, ಪರಿಶಿಷ್ಟ ಪಂಗಡದ ಸ್ಥಾನವನ್ನು.

ತಕರಾರು ಯಾವುದರ ಬಗ್ಗೆ?

ಗೋವಾರಿಗಳು ವಿದರ್ಭದ, ಅದರಲ್ಲೂ ಪೂರ್ವ ವಿದರ್ಭದ ದನಗಾಹಿ ಸಮುದಾಯ. ಊರಿನ ದನಗಳನ್ನು ಮೇಯಿಸಿಕೊಂಡು ಬರುವುದು ಅವರ ಸಾಂಪ್ರದಾಯಿಕ ಕೆಲಸ.

ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿ ಪ್ರಕಟವಾಯಿತು. 1956ರ ಅಕ್ಟೋಬರ್ 29ರಂದು ಅದನ್ನು ಪರಿಷ್ಕರಿಸಲಾಯಿತು. ಹೀಗೆ ಪರಿಷ್ಕೃತವಾದ ಪಟ್ಟಿಯಲ್ಲಿ ಗೊಂಡ ಪಂಗಡದ ಕೆಳಗೆ ಹಲವು ಉಪಪಂಗಡಗಳ ಹೆಸರುಗಳಿವೆ. ಅವುಗಳಲ್ಲೊಂದು ‘ಗೊಂಡ ಗೋವಾರಿ’.

ಇಲ್ಲಿಂದಲೇ ಜಗಳ ಶುರು. ಗೋವಾರಿಗಳು ಹೇಳುವುದು ಹೀಗೆ: ‘ಗೊಂಡ ಗೋವಾರಿ ಎಂಬ ಬೇರೆ ಸಮುದಾಯ ಇಲ್ಲ. ಆ ಹೆಸರು ನಮ್ಮದೇ. ಎರಡು ಹೆಸರುಗಳ ನಡುವೆ ಇರಬೇಕಾದ ಅಲ್ಪವಿರಾಮ ಬಿಟ್ಟುಹೋಗಿದೆ. ನಮ್ಮ ಹಕ್ಕು ತಪ್ಪಿದ್ದು ಅದರಿಂದ.’ ಸರ್ಕಾರದ ಮಾತು ಬೇರೆ: ‘ಗೊಂಡ ಗೋವಾರಿ ಎಂಬುದು ಗೊಂಡರ ಒಂದು ಉಪಪಂಗಡ. ಗೋವಾರಿ ಬೇರೆಯೇ ಜಾತಿ. ಹೆಸರಿನ ಹೋಲಿಕೆ ನೋಡಿ ಹಕ್ಕು ಕೊಡಲಾಗದು.’

ಕಾಗದದ ಮೇಲೆ ಇದು ಸಣ್ಣ ವಿಷಯ. ಆದರೆ ಹುಡುಗನೊಬ್ಬನಿಗೆ ಮೆಡಿಕಲ್ ಸೀಟು ಸಿಗುತ್ತದೋ ಇಲ್ಲವೋ, ಮನೆಗೊಂದು ಸರ್ಕಾರಿ ನೌಕರಿ ಬರುತ್ತದೋ ಇಲ್ಲವೋ, ಊರಿನವರು ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲಬಹುದೋ ಇಲ್ಲವೋ ಎಂಬುದೆಲ್ಲ ಈ ಒಂದು ಸಾಲನ್ನು ಹೇಗೆ ಓದುತ್ತಾರೆ ಎಂಬುದರ ಮೇಲೆ ನಿಂತಿದೆ.

ಕೋರ್ಟಿನಲ್ಲಿ ಇತಿಹಾಸವೇ ಸಾಕ್ಷಿ

ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2018ರ ಆಗಸ್ಟ್ 14ರಂದು ತೀರ್ಪು ನೀಡಿತು. ಗೊಂಡ ಗೋವಾರಿ ಎಂಬ ಪಂಗಡ 1911ಕ್ಕೆ ಮೊದಲೇ ಪೂರ್ತಿ ಇಲ್ಲವಾಗಿತ್ತು, 1956ರಲ್ಲಿ ಅದರ ಸುಳಿವೇ ಇರಲಿಲ್ಲ ಎಂದು ಅದು ಹೇಳಿತು. ಇಲ್ಲದ ಪಂಗಡವನ್ನು ಪಟ್ಟಿಗೆ ಸೇರಿಸಿರಲು ಸಾಧ್ಯವಿಲ್ಲ, ಹಾಗಾಗಿ ಆ ಹೆಸರಿನಿಂದ ಸೂಚಿಸಿದ್ದು ಗೋವಾರಿಗಳನ್ನೇ ಎಂಬುದು ಅದರ ತೀರ್ಮಾನ.

ಇಂಥ ತೀರ್ಮಾನಕ್ಕೆ ಆಧಾರ ಎಲ್ಲಿಂದ ಬರುತ್ತದೆ? ಬ್ರಿಟಿಷರ ಕಾಲದ ಜನಗಣತಿ ವರದಿಗಳಿಂದ, ಆಗಿನ ಅಧಿಕಾರಿಗಳು ಬರೆದ ಪುಸ್ತಕಗಳಿಂದ. ಮಧ್ಯಪ್ರಾಂತ್ಯದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಆರ್.ವಿ. ರಸೆಲ್ ಮತ್ತು ಹೀರಾಲಾಲ್ ಎಂಬ ಅಧಿಕಾರಿಗಳು 1916ರಲ್ಲಿ ನಾಲ್ಕು ಸಂಪುಟ ಪ್ರಕಟಿಸಿದರು. ಗೋವಾರಿಗಳನ್ನು ದನಗಾಹಿ ಜಾತಿ ಎಂದೂ, ಗೊಂಡರೊಂದಿಗಿನ ಸಂಬಂಧದಿಂದ ಹುಟ್ಟಿದ ಶಾಖೆಯನ್ನು ಗೊಂಡ ಗೋವಾರಿ ಎಂದೂ ಅದರಲ್ಲಿ ವಿವರಿಸಲಾಗಿದೆ. ನೂರು ವರ್ಷ ಹಿಂದೆ ಇಬ್ಬರು ಅಧಿಕಾರಿಗಳು ಬರೆದಿಟ್ಟ ಮಾತು ಇಂದಿನ ಯುವಕನ ಭವಿಷ್ಯದ ಸಾಕ್ಷಿಯಾಗಿದೆ.

ಸರ್ಕಾರ ಮೇಲ್ಮನವಿ ಸಲ್ಲಿಸಿತು. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 18ರಂದು ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿತು. ಅದರ ಎರಡು ಕಾರಣಗಳು ಮುಖ್ಯ. ಒಂದು, ಗೊಂಡ ಗೋವಾರಿ ಪಂಗಡ 1911ಕ್ಕೆ ಮೊದಲೇ ಅಳಿದಿತ್ತು ಎಂಬುದು ಸರಿಯಲ್ಲ. ಗೋವಾರಿ ಮತ್ತು ಗೊಂಡ ಗೋವಾರಿ ಎರಡು ಬೇರೆ ಸಮುದಾಯಗಳು. ಇನ್ನೊಂದು, ಪಟ್ಟಿಯಲ್ಲಿರುವ ಹೆಸರನ್ನು ಇದ್ದಂತೆಯೇ ಓದಬೇಕು. ಸೇರಿಸುವ, ತೆಗೆಯುವ ಅಧಿಕಾರ ಕೋರ್ಟಿಗಿಲ್ಲ, ಅದು ಸಂಸತ್ತಿನದು.

ಆದರೆ ನಡುವಿನ ಎರಡು ವರ್ಷಗಳಲ್ಲಿ ಹಲವರು ಪ್ರಮಾಣಪತ್ರ ಪಡೆದು ಕಾಲೇಜು, ಕೆಲಸ ಸೇರಿದ್ದರು. ಅವರ ಸೀಟು, ನೌಕರಿಗೆ ಧಕ್ಕೆ ಇಲ್ಲ, ಮುಂದೆ ಮಾತ್ರ ಪರಿಶಿಷ್ಟ ಪಂಗಡದ ಸೌಲಭ್ಯ ಸಿಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಒಂದೇ ಮನೆಯಲ್ಲಿ 2019ರಲ್ಲಿ ಕಾಲೇಜು ಸೇರಿದ ಅಕ್ಕನಿಗೆ ಒಂದು ನ್ಯಾಯ, 2021ರಲ್ಲಿ ಸೇರುವ ತಮ್ಮನಿಗೆ ಇನ್ನೊಂದು ನ್ಯಾಯ ಎಂಬ ಸ್ಥಿತಿ ಬಂತು.

ನಾಗಪುರ ಭಾಗಕ್ಕೆ ಇದು ಹೊಸ ಅನುಭವವೂ ಅಲ್ಲ. ಇಲ್ಲಿನ ನೇಕಾರ ಸಮುದಾಯವಾದ ಹಲಬಾ ಕೋಷ್ಟಿಗಳು ಪಟ್ಟಿಯಲ್ಲಿರುವ ‘ಹಲಬಾ’ ತಾವೇ ಎಂದು ವಾದಿಸುತ್ತ ಬಂದಿದ್ದರು. 2000ದ ನವೆಂಬರ್ 28ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ವಾದವನ್ನು ಒಪ್ಪಲಿಲ್ಲ.

ಮೈಸೂರಿನ ಒಂದು ಹಳೆಯ ಆದೇಶ

ಹಾಗಿದ್ದರೆ ಇತಿಹಾಸ ಹೇಳಿ ಗೆದ್ದವರೇ ಇಲ್ಲವೇ? ಇದ್ದಾರೆ, ಅದೂ ಕನ್ನಡನಾಡಿನಲ್ಲೇ. ಗೋವಾರಿ ಪ್ರಕರಣದ ಉದ್ದಕ್ಕೂ ಚರ್ಚೆಯಾದದ್ದು ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ಬಸವಲಿಂಗಪ್ಪ ವಿರುದ್ಧ ಮುನಿಚಿನ್ನಪ್ಪ ಮೊಕದ್ದಮೆ.

1962ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಮೀಸಲು ಕ್ಷೇತ್ರದಿಂದ ಮುನಿಚಿನ್ನಪ್ಪ ಗೆದ್ದರು. ಅವರು ವಡ್ಡರ ಜಾತಿಯವರು, ಪಟ್ಟಿಯಲ್ಲಿ ಇರುವುದು ‘ಭೋವಿ’, ಹಾಗಾಗಿ ಆಯ್ಕೆ ಅಸಿಂಧು ಎಂದು ಪ್ರಶ್ನಿಸಲಾಯಿತು. ಆಗ ಕೆಲಸಕ್ಕೆ ಬಂದದ್ದು ಮೈಸೂರು ಸಂಸ್ಥಾನದ 1946ರ ಒಂದು ಆದೇಶ. ವಡ್ಡರನ್ನು ಇನ್ನು ಮುಂದೆ ಭೋವಿ ಎಂದು ಕರೆಯಬೇಕು ಎಂಬುದು ಆ ಆದೇಶ. 1950ರಲ್ಲಿ ಪಟ್ಟಿ ತಯಾರಾದಾಗ ಮೈಸೂರಿನಲ್ಲಿ ಭೋವಿ ಎಂಬ ಬೇರೆ ಜಾತಿ ಇರಲಿಲ್ಲ, ಆದ್ದರಿಂದ ಆ ಹೆಸರು ವಡ್ಡರದೇ ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ಒಪ್ಪಿತು. ಮುನಿಚಿನ್ನಪ್ಪ ಅವರ ಆಯ್ಕೆ ಉಳಿಯಿತು.

ಮೈಸೂರಿನವರಿಗೆ ತೋರಿಸಲು ಒಂದು ಕಾಗದವಿತ್ತು, ಅದರ ಮೇಲೆ ತಾರೀಖಿತ್ತು. ಹೆಸರು ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಎಂಬುದು ಸ್ಪಷ್ಟವಿತ್ತು. ಅದೇ ಹೆಸರಿನ ಇನ್ನೊಂದು ಜಾತಿ ಇರಲಿಲ್ಲ. ಗೋವಾರಿಗಳ ವಿಷಯದಲ್ಲಿ ಅಂಥ ಆದೇಶವೊಂದು ಇರಲಿಲ್ಲ. ಜನಗಣತಿಯ ಕೋಷ್ಟಕದಲ್ಲಿ ಒಂದು ಹೆಸರು ಕಾಣದಿದ್ದರೆ ಆ ಜನರೇ ಇಲ್ಲವೆಂದು ಅರ್ಥವೇ, ಅಥವಾ ಎಣಿಸಿದವರು ಅವರನ್ನು ಬೇರೆ ಹೆಸರಿನಡಿ ಸೇರಿಸಿದ್ದಾರೆಯೇ ಎಂಬುದು ಇಲ್ಲಿ ಎದ್ದ ಪ್ರಶ್ನೆ. ಹೈಕೋರ್ಟ್ ಅದಕ್ಕೆ ಒಂದು ಉತ್ತರ ಕೊಟ್ಟಿತು, ಸುಪ್ರೀಂ ಕೋರ್ಟ್ ಇನ್ನೊಂದು.

ಅದೇ ನಾಗಪುರ, ಇನ್ನೊಂದು ಪಟ್ಟಿ

1956ರ ಅಕ್ಟೋಬರ್ 29ರಂದು ಪಟ್ಟಿ ಪರಿಷ್ಕರಣೆಯಾಯಿತು ಎಂದು ಮೇಲೆ ಹೇಳಿದ್ದೇವೆ. ಅದಕ್ಕೆ ಸರಿಯಾಗಿ 15 ದಿನ ಮೊದಲು, ಅಕ್ಟೋಬರ್ 14ರಂದು, ನಾಗಪುರದಲ್ಲೇ ಡಾ. ಬಿ.ಆರ್. ಅಂಬೇಡ್ಕರ್ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಆ ಜಾಗವೇ ಇಂದಿನ ದೀಕ್ಷಾಭೂಮಿ. ಮರುದಿನದ ಭಾಷಣದಲ್ಲಿ ಅವರು ನಾಗಪುರವನ್ನೇ ಯಾಕೆ ಆರಿಸಿಕೊಂಡೆ ಎಂದು ವಿವರಿಸಿದರು. ಬೌದ್ಧ ಧರ್ಮವನ್ನು ಹರಡಿದ ನಾಗ ಜನರ ಇತಿಹಾಸವನ್ನು ಅವರು ಅಲ್ಲಿ ನೆನಪಿಸಿದರು.

ಅದಕ್ಕೂ ಮೊದಲು, 1948ರಲ್ಲಿ, ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಎಂಬ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದಿದ್ದರು. ಅದರಲ್ಲಿನ ಒಂದೊಂದು ವಾದವನ್ನೂ ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಆದರೆ ಪ್ರಶ್ನೆ ಕೇಳಿದ ರೀತಿ ಮುಖ್ಯ. ಅಸ್ಪೃಶ್ಯತೆ ಎಂದಿನಿಂದಲೂ ಇದ್ದದ್ದು ಎಂದು ಒಪ್ಪಿದರೆ ಅದು ವಿಧಿಯಾಗುತ್ತದೆ. ಅದಕ್ಕೊಂದು ಆರಂಭ ಇತ್ತು, ಕಾರಣ ಇತ್ತು ಎಂದು ತೋರಿಸಿದರೆ ಅದಕ್ಕೊಂದು ಕೊನೆಯನ್ನೂ ಕೇಳಬಹುದು.

ಆದರೆ ದೀಕ್ಷೆ ಪಡೆದವರನ್ನೂ ಒಂದು ಪಟ್ಟಿ ಕಾಡಿತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಧರ್ಮ ಬಿಟ್ಟವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಲಾಯಿತು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಮಹಾರಾಷ್ಟ್ರ ತನ್ನ ಮಟ್ಟದಲ್ಲಿ ನವಬೌದ್ಧರಿಗೆ ಸೌಲಭ್ಯ ಕೊಟ್ಟಿತ್ತಾದರೂ ಕೇಂದ್ರದ ಪಟ್ಟಿ ಬದಲಾಗಲು 34 ವರ್ಷ ಬೇಕಾಯಿತು. ಧರ್ಮ ಬದಲಾದ ಮಾತ್ರಕ್ಕೆ ಊರಿನವರು ನೋಡುವ ದೃಷ್ಟಿ ಬದಲಾಗುವುದಿಲ್ಲ, ನೂರಾರು ವರ್ಷಗಳ ಹಿಂದುಳಿದಿರುವಿಕೆ ಒಂದು ದಿನದಲ್ಲಿ ಅಳಿಯುವುದಿಲ್ಲ ಎಂಬ ಚಾರಿತ್ರಿಕ ವಾದವೇ ಆ ತಿದ್ದುಪಡಿಯ ಹಿಂದಿತ್ತು. ದಲಿತ ಕ್ರೈಸ್ತರು ಮತ್ತು ಮುಸ್ಲಿಮರು ಇದೇ ವಾದವನ್ನು ಮುಂದಿಡುತ್ತಿದ್ದಾರೆ. ಅದರ ಪರಿಶೀಲನೆಗೆ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು.

ಗೋವಾರಿಗಳಿಗೂ ನವಬೌದ್ಧರಿಗೂ ಇರುವ ವ್ಯತ್ಯಾಸ ಗಮನಿಸಿ. ನವಬೌದ್ಧರ ಹೋರಾಟ ಸಂಸತ್ತಿನ ಬಾಗಿಲನ್ನು ತಟ್ಟಿ ಅಲ್ಲಿಂದ ಕಾಯ್ದೆ ತಂದಿತು. ಗೋವಾರಿಗಳ ಮೆರವಣಿಗೆ ರಾಜ್ಯದ ವಿಧಾನಭವನಕ್ಕೆ, ವಾಜ್ಯ ಕೋರ್ಟಿಗೆ ಹೋಯಿತು. ಪಟ್ಟಿ ತಿದ್ದುವ ಅಧಿಕಾರ ಮಾತ್ರ ಇವೆರಡಕ್ಕೂ ಇರಲಿಲ್ಲ.

ಪಟ್ಟಿ ಬದಲಾಗುವುದು ಹೇಗೆ?

ಸಂವಿಧಾನದ 342ನೇ ವಿಧಿಯ ಪ್ರಕಾರ ಪರಿಶಿಷ್ಟ ಪಂಗಡಗಳ ಮೊದಲ ಪಟ್ಟಿಯನ್ನು ರಾಷ್ಟ್ರಪತಿ ಪ್ರಕಟಿಸುತ್ತಾರೆ. ಆಮೇಲಿನ ಪ್ರತಿಯೊಂದು ಬದಲಾವಣೆಯೂ ಸಂಸತ್ತಿನ ಕಾಯ್ದೆಯಿಂದಲೇ ಆಗಬೇಕು. ಮೊದಲು ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು. ಅದನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಪರಿಶೀಲಿಸುತ್ತದೆ. ಜನಗಣತಿ ನಡೆಸುವ ಕಚೇರಿಯೂ ಅದೇ. ನಂತರ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ, ಕೇಂದ್ರ ಸಚಿವ ಸಂಪುಟ, ಕೊನೆಗೆ ಸಂಸತ್ತು.

ಈ ಹಾದಿಯಲ್ಲಿ ಅಧಿಕಾರಿಗಳು ನೋಡುವುದು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳನ್ನು: ಆದಿಮ ಜೀವನ ಕ್ರಮ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಪ್ರತ್ಯೇಕವಾಗಿರುವುದು, ಹೊರಗಿನವರೊಂದಿಗೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಇವನ್ನು ಸಾಬೀತು ಮಾಡಲು ಬೇಕಾಗುವುದು ಕುಲಶಾಸ್ತ್ರೀಯ ಅಧ್ಯಯನ ಮತ್ತು ಹಳೆಯ ದಾಖಲೆಗಳು. ಒಬ್ಬ ವ್ಯಕ್ತಿಯ ಸಿಂಧುತ್ವ ಪ್ರಮಾಣಪತ್ರದ ವಿಚಾರಣೆಯಲ್ಲೂ ಸಂವಿಧಾನ ಜಾರಿಗೆ ಬರುವ ಮೊದಲಿನ ಕಾಗದಕ್ಕೆ ತೂಕ ಹೆಚ್ಚು. ಅಜ್ಜನ ಶಾಲಾ ದಾಖಲಾತಿ ರಿಜಿಸ್ಟರ್‌ನಲ್ಲಿ ಮೇಷ್ಟ್ರು ಜಾತಿಯ ಕಾಲಂನಲ್ಲಿ ಏನು ಬರೆದರು ಎಂಬುದು ಮೊಮ್ಮಗಳ ಸೀಟನ್ನು ನಿರ್ಧರಿಸಬಹುದು. ವಿದರ್ಭದಲ್ಲಿ ಊರಿನ ಹುಟ್ಟು ಸಾವು ಬರೆದಿಡುತ್ತಿದ್ದ ಕೋತ್ವಾಲನ ಪುಸ್ತಕವನ್ನು ಜನ ಹುಡುಕಿಕೊಂಡು ಹೋಗುವುದು ಇದಕ್ಕೇ.

ಕರ್ನಾಟಕದಲ್ಲೂ ಇದೇ ಕತೆ

ಇದು ದೂರದ ಮರಾಠಿ ಸೀಮೆಯ ವಿಷಯ ಎಂದುಕೊಳ್ಳಬೇಕಿಲ್ಲ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ‘ಗೊಂಡ’ ಎಂಬುದು ಕುರುಬರಿಗೇ ಇರುವ ಇನ್ನೊಂದು ಹೆಸರು ಎಂಬ ವಾದ ಹಲವು ವರ್ಷಗಳಿಂದ ನಡೆಯುತ್ತಿದೆ. ಕಾಡುಗೊಲ್ಲರು ತಾವು ಊರುಗೊಲ್ಲರಿಗಿಂತ ಬೇರೆ, ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಿದ್ದಾರೆ. ನಾಯಕ ಎಂಬ ಹೆಸರಿನ ಜೊತೆ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಸೇರಿದ್ದು 1991ರಲ್ಲಿ. ಪರಿವಾರ ಮತ್ತು ತಳವಾರ ಸೇರಿದ್ದು 2020ರಲ್ಲಿ. ಕಾಡುಕುರುಬರ ಪರ್ಯಾಯ ಹೆಸರಾಗಿ ಬೆಟ್ಟಕುರುಬ ಎಂಬುದನ್ನು ಸಂಸತ್ತು ಒಪ್ಪಿದ್ದು 2022ರಲ್ಲಿ. ಮೂರೂ ಸಲ ಬದಲಾವಣೆ ಬಂದದ್ದು ಸಂಸತ್ತಿನ ಕಾಯ್ದೆಯಿಂದ.

ಇದಕ್ಕೆ ಇನ್ನೊಂದು ಮುಖವೂ ಇದೆ. ಹೆಸರಿನ ಹೋಲಿಕೆಯನ್ನೇ ಬಳಸಿಕೊಂಡು ಸುಳ್ಳು ಪ್ರಮಾಣಪತ್ರ ಪಡೆದವರ ಪ್ರಕರಣಗಳೂ ಎರಡೂ ರಾಜ್ಯಗಳಲ್ಲಿ ನಡೆದಿವೆ. ಪಟ್ಟಿ ದೊಡ್ಡದಾದರೆ ತಮ್ಮ ಪಾಲು ಕರಗುತ್ತದೆ ಎಂದು ಈಗಾಗಲೇ ಪಟ್ಟಿಯಲ್ಲಿರುವ ಆದಿವಾಸಿಗಳು ಆತಂಕ ಪಡುವುದು ಸಹಜ. ನಾಗಪುರ ನಗರಕ್ಕೆ ಬುನಾದಿ ಹಾಕಿದ್ದು ದೇವಗಢದ ಗೊಂಡ ರಾಜ ಬಖ್ತ್ ಬುಲಂದ್ ಶಾಹ. ಇಂದು ಅದೇ ನಗರದಲ್ಲಿ ಗೊಂಡರು ಮೀಸಲಾತಿಯ ಪಾಲಿಗಾಗಿ ಲೆಕ್ಕ ಹಾಕಬೇಕಾಗಿದೆ. ಸುಳ್ಳು ಹಕ್ಕನ್ನು ತಡೆಯಲು ಬೇಕಾದದ್ದು ಇತಿಹಾಸ, ನಿಜವಾದ ಹಕ್ಕನ್ನು ಸ್ಥಾಪಿಸಲು ಬೇಕಾದದ್ದೂ ಅದೇ.

ಹಾಗಾದರೆ ಇತಿಹಾಸ ಗೊತ್ತಿದ್ದರೆ ಏನು ಪ್ರಯೋಜನ?

ಈ ಪ್ರಕರಣದಿಂದ ಮೂರು ವಿಷಯ ಸ್ಪಷ್ಟವಾಗುತ್ತವೆ.

ಒಂದು, ಇಂದಿನ ಅನ್ಯಾಯ ಬಹಳ ಸಲ ಅನ್ಯಾಯದಂತೆ ಕಾಣುವುದೇ ಇಲ್ಲ, ನಿಯಮದಂತೆ ಕಾಣುತ್ತದೆ. ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ’ ಎಂದು ತಹಶೀಲ್ದಾರ್ ಕಚೇರಿಯ ಗುಮಾಸ್ತ ಹೇಳಿದರೆ ಅವನದೇನೂ ತಪ್ಪಿಲ್ಲ. ಆ ಪಟ್ಟಿ ಯಾವಾಗ, ಯಾರು, ಯಾವ ಮಾಹಿತಿಯ ಮೇಲೆ ಮಾಡಿದ್ದು ಎಂಬುದು ಗೊತ್ತಿದ್ದವರು ಮಾತ್ರ ಮುಂದಿನ ಪ್ರಶ್ನೆ ಕೇಳಬಲ್ಲರು.

ಎರಡು, ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಇತಿಹಾಸ ಹೇಳುತ್ತದೆ. ಈ ಹಿಂದೆ ಯಾರು ಗೆದ್ದರು, ಯಾರು ಸೋತರು, ಯಾಕೆ ಎಂಬುದು ತಿಳಿಯದಿದ್ದರೆ ಒಂದು ತಲೆಮಾರಿನ ಶ್ರಮ ತಪ್ಪು ದಾರಿಯಲ್ಲಿ ಕಳೆದುಹೋಗುತ್ತದೆ.

ಮೂರು, ದಾಖಲೆ ಇಲ್ಲದ ನೆನಪು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಪ್ರಶ್ನಿಸದೆ ಒಪ್ಪಿದ ದಾಖಲೆ ನ್ಯಾಯ ಕೊಡುವುದಿಲ್ಲ. ಹಳೆಯ ವರದಿಗಳನ್ನು ಬರೆದವರು ಗೋವಾರಿಗಳಲ್ಲ. ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವ ಅವಕಾಶ ಅವರಿಗೆ ಆಗ ಇರಲಿಲ್ಲ.

ಈಗ ಅಂಥದೊಂದು ಅವಕಾಶ ಎದುರಿಗಿದೆ. ಎಲ್ಲ ಜಾತಿಗಳನ್ನೂ ಎಣಿಸಿ ಪ್ರಕಟಿಸಿದ ಕೊನೆಯ ಜನಗಣತಿ 1931ರದು. ಮುಂಬರುವ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಪ್ರಕಟಿಸಿತು. ಅದರ ಗಣನೆಯ ದಿನಾಂಕ 2027ರ ಮಾರ್ಚ್ 1. ಗಣತಿದಾರರು ಮನೆ ಬಾಗಿಲಿಗೆ ಬಂದಾಗ ಜಾತಿಯ ಹೆಸರು, ಉಪಜಾತಿಯ ಹೆಸರು ಏನೆಂದು ಹೇಳಬೇಕು, ಅದನ್ನು ಅವರು ಹೇಗೆ ಬರೆದುಕೊಂಡರು ಎಂದು ನೋಡುವುದು ಸಣ್ಣ ಕೆಲಸವಲ್ಲ. 1911ರ ಕೋಷ್ಟಕ 2018ರಲ್ಲಿ ಸಾಕ್ಷಿಯಾದಂತೆ, 2027ರ ಕೋಷ್ಟಕವೂ ಮುಂದೊಂದು ದಿನ ಯಾರದೋ ಮೊಮ್ಮಕ್ಕಳ ಪರವಾಗಿ ಅಥವಾ ವಿರುದ್ಧವಾಗಿ ಕೋರ್ಟಿನ ಮುಂದೆ ಬರಲಿದೆ.